ನೂರಿಪ್ಪತ್ತನಾಲ್ಕು ಗಂಟೆ ಹಿಂದಕ್ಕೆ

ಆಗಸ್ಟ್ ಕೊನೆಯ ಶನಿವಾರ ನಮ್ಮ ಮನೆಯ ಗ್ಯಾರೇಜು ಖಾಲಿಯಾಗಲೇಬೇಕು. ಅವತ್ತು ಮೂವತ್ತು ಬುಟ್ಟಿ ಟೊಮೇಟೊ ಬರುತ್ತದೆ. ಅದನ್ನು ತೊಳೆದು, ಅರೆದು, ಕುದಿಸಿ, ವರ್ಷಕ್ಕಾಗುವಷ್ಟು ಬಾಟಲಿಗೆ ತುಂಬುವುದು ಅಲ್ಲೇ. ವಿಂಡ್ಸರಿನ ನಮ್ಮ ಬೀದಿಯಲ್ಲಿ ಇಟಲಿಯಿಂದ ಬಂದವರ ಯಾವ ಮನೆಗೆ ಹೋದರೂ ಇದೇ ಪಾಡು. ನನ್ನ ಭಾವ ಸೆವೆರೀನೊ ಅವತ್ತು ಬೆಳಿಗ್ಗೆ ತನ್ನ ಕಾರನ್ನು ಹೊರಗೆ ತೆಗೆದು ಹೊದಿಕೆ ಹಾಕಿ, ಸಂಜೆ ನೆಲ ತೊಳೆದ ಮೇಲೆ ಮತ್ತೆ ಒಳಗಿಡುತ್ತಾನೆ. ಈ ವರ್ಷ ಜುಲೈ ಮೊದಲ ವಾರ, ಊಟದ ಮಧ್ಯೆ, ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ ಹೇಳಿದ:

“ಈ ಸಲ ಟೊಮೇಟೊಗೆ ಅಂತ ಹೊರಗೆ ತೆಗೆದ್ರೆ ಮತ್ತೆ ಒಳಗೆ ಇಡಲ್ಲ. ರೆಮಿಜಿಯೊ ತಗೊಂಡು ಹೋಗ್ತಾನೆ.”

ಮೊಮ್ಮಗಳು ಮಿರೆಲ್ಲ ಚಮಚ ಕೆಳಗಿಟ್ಟಳು. “ಯಾವ ರೆಮಿಜಿಯೊ? ಕ್ಲಬ್ಬಲ್ಲಿ ಇಸ್ಪೀಟಲ್ಲಿ ಮೋಸ ಮಾಡ್ತಾನಲ್ಲ, ಅವನಾ?”

“ದುಡ್ಡಲ್ಲಿ ಮೋಸ ಮಾಡಲ್ಲ.”

“ಅವನಿಗೆ ಗೇರ್ ಹಾಕೋಕೆ ಬರುತ್ತಾ?”

“ನಿನಗಿಂತ ಚೆನ್ನಾಗಿ ಬರುತ್ತೆ,” ಅಂದ ಸೆವೆರೀನೊ.

ಅಲ್ಲಿಗೆ ಊಟ ಮುಗಿಯಿತು. ತಟ್ಟೆಯಲ್ಲಿ ಪೊಲೆಂಟ ಹಾಗೇ ಇತ್ತು. ಜೋಳದ ಹಿಟ್ಟಿನ ಆ ಗಟ್ಟಿ ಮುದ್ದೆ ಆರಿದರೆ ಇಟ್ಟಿಗೆಯಾಗುತ್ತದೆ, ಇಟ್ಟಿಗೆಯೇ ಆಯಿತು.

ನಾನು ಯಾರು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮುದುಕ ಯಾಕೆ ನಡುವೆ ಬಾಯಿ ಹಾಕುತ್ತಾನೆ ಅನ್ನಿಸುತ್ತದೆ. ಸೆವೆರೀನೊನ ಹೆಂಡತಿ ಇನೆಸ್ ನನ್ನ ಅಕ್ಕ. ನಾನು ಟಿಲಿಯೊ. ಮದುವೆಯಾಗಲಿಲ್ಲ, ಯಾರೂ ಒತ್ತಾಯ ಮಾಡಲೂ ಇಲ್ಲ. ಅವರ ಮನೆಯ ನೆಲಮಾಳಿಗೆಯಲ್ಲಿ ನನ್ನ ಕೋಣೆ. ನಮ್ಮವರ ಎಲ್ಲ ಮನೆಯಂತೆ ಇಲ್ಲೂ ಎರಡು ಅಡುಗೆಮನೆ. ಮೇಲಿನದು ನೋಡುವುದಕ್ಕೆ, ಕೆಳಗಿನದು ಬದುಕುವುದಕ್ಕೆ. ಹಾಗಾಗಿ ಮನೆಯ ಜಗಳವೆಲ್ಲ ನನ್ನ ಬಾಗಿಲ ಮುಂದೆಯೇ ಆಗುತ್ತದೆ. ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನನಗಿಲ್ಲ. ಸೆವೆರೀನೊನ ಮಗ ಕ್ಲಾಡಿಯೊ ಹೆಂಡತಿಯಿಂದ ಬೇರೆಯಾದ ಮೇಲೆ ಮಗಳನ್ನು ಕರೆದುಕೊಂಡು ವಾಪಸು ಬಂದ. ಅವಳೇ ಮಿರೆಲ್ಲ. ಆಗ ಅವಳಿಗೆ ಹತ್ತು ವರ್ಷ, ಈಗ ಇಪ್ಪತ್ತನಾಲ್ಕು. ಪ್ಲಾಸ್ಟಿಕ್ ಅಚ್ಚು ಕೊರೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ.

ಕಾರು ಜರ್ಮನಿಯದು. ಎರಡೇ ಸೀಟು, ಎಂಜಿನ್ನು ಬೆನ್ನ ಹಿಂದೆ, ತಲೆಯ ಮೇಲೆ ಮಡಚುವ ಬಟ್ಟೆ, ಕಡುಹಸಿರು ಬಣ್ಣ. ನಿವೃತ್ತಿಯಾದ ವರ್ಷ ಸೆವೆರೀನೊ ಅದನ್ನು ಸೆಕೆಂಡ್‌ಹ್ಯಾಂಡಾಗಿ ಕೊಂಡ. ಅದರ ಎಣ್ಣೆ ಬದಲಿಸುವುದರಿಂದ ಹಿಡಿದು ಬ್ರೇಕ್ ಪ್ಯಾಡಿನವರೆಗೆ ಎಲ್ಲ ಮನೆಯಲ್ಲೇ. ಹನ್ನೆರಡು ವರ್ಷದ ಹುಡುಗಿ ಪಕ್ಕದಲ್ಲಿ ನಿಂತು ಪಾನಾ ಕೊಡುತ್ತಿದ್ದಳು. ಹದಿನಾರಕ್ಕೆ ಅವಳೇ ಕಾರಿನ ಕೆಳಗೆ ಮಲಗಿದಳು, ತಾತ ಪಾನಾ ಕೊಡತೊಡಗಿದ.

ಮೂರು ವರ್ಷದ ಹಿಂದೆ, ಜುಲೈ ಇಪ್ಪತ್ತರ ಶನಿವಾರ, ಮಿರೆಲ್ಲ ಕಾರು ತೆಗೆದುಕೊಂಡು ಹೋದಳು. ನಲವತ್ತು ನಿಮಿಷಕ್ಕೆ ಎಳೆದು ತರುವ ಗಾಡಿಯ ಮೇಲೆ ವಾಪಸು ಬಂತು. ಎಂಜಿನ್ ಒಳಗೆ ವಾಲ್ವಿನ ಸ್ಪ್ರಿಂಗು ತುಂಡಾಗಿತ್ತು. ಓಡುವಾಗ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಹಾಕಿದರೆ ಹೀಗಾಗುತ್ತದೆ, ಎಂಜಿನ್ನು ತನ್ನ ಮಿತಿ ಮೀರಿ ಗಿರಗಿರ ತಿರುಗಿಬಿಡುತ್ತದೆ. “ಎರಡಕ್ಕೆ ಹಾಕಿದ್ದಾಳೆ,” ಅಂದ ಸೆವೆರೀನೊ. “ಹಾಕಿಲ್ಲ,” ಅಂದಳು ಮಿರೆಲ್ಲ. ಒಂಬತ್ತು ದಿನ ಮನೆಯಲ್ಲಿ ಅದೇ. ಕೊನೆಗೆ ಕ್ಲಾಡಿಯೊ ಮಗಳಿಗೆ, “ತಪ್ಪಾಯ್ತು ಅಂತ ಹೇಳಿ ಮುಗಿಸು ಮಾರಾಯ್ತಿ, ಊಟನಾದ್ರೂ ಮಾಡೋಣ,” ಅಂದ. ಅವಳು ಮೇಜಿನ ಮುಂದೆ ನಿಂತು ತಪ್ಪಾಯ್ತು ತಾತ ಅಂದಳು. ಎಂಜಿನ್ನು ರಿಪೇರಿಯಾಗಿ ಬಂತು. ಕೀಲಿ ಮಾತ್ರ ಮತ್ತೆ ಅವಳ ಕೈಗೆ ಬರಲಿಲ್ಲ.

ಹಾಗಾಗಿ ಜುಲೈಯ ಆ ಊಟದಲ್ಲಿ “ನಿನಗಿಂತ ಚೆನ್ನಾಗಿ” ಅಂದದ್ದು ಸಣ್ಣ ಮಾತಲ್ಲ.

*

ರೆಮಿಜಿಯೊ ಕಾರು ನೋಡಲು ಬಂದ. ಸುತ್ತು ಹಾಕಿದ, ಟೈರಿಗೆ ಒದ್ದ, ಒಳಗೆ ಕೂತು ಕೀಲಿ ತಿರುಗಿಸಿದ. ಮುಂದಿನ ಫಲಕದಲ್ಲಿ ಎರಡು ದೀಪ ಹತ್ತಿ ಹಾಗೇ ಉಳಿದವು. ಒಂದು ಎಂಜಿನ್ನಿನದು, ಇನ್ನೊಂದು ಬ್ರೇಕಿನದು.

“ಇದೇನು ಸೆವೆರೀನೊ, ಕ್ರಿಸ್ಮಸ್ಸಾ?”

“ಹಳೇ ಕಾರು. ದೀಪ ಹತ್ತುತ್ತೆ.”

“ಆರಿಸಿ ಕೊಡು. ದೀಪ ಹತ್ತಿದ ಕಾರು ನನ್ನ ಹೆಂಡತಿ ಮನೆಗೆ ಸೇರಿಸಲ್ಲ.”

ವರ್ಕ್‌ಶಾಪಿಗೆ ಫೋನ್ ಮಾಡಿದರೆ ಬರೀ ನೋಡಿ ಹೇಳುವುದಕ್ಕೇ ಮೂರು ವಾರ ಕಾಯಬೇಕು ಅಂದರು. ಆಗ ಮಿರೆಲ್ಲ ಮೆಟ್ಟಿಲ ಮೇಲೆ ನಿಂತುಕೊಂಡೇ ಹೇಳಿದಳು:

“ದೀಪ ನಾನು ಆರಿಸ್ತೀನಿ ತಾತ. ಆದ್ರೆ ಕಾರು ನನಗೆ. ರೆಮಿಜಿಯೊ ಕೊಡೋ ಬೆಲೆನೇ ನಾನೂ ಕೊಡ್ತೀನಿ.”

“ಬೆಲೆ ಮಾತಲ್ಲ.”

“ಮತ್ತೇನು?”

“ಎಂಜಿನ್ ಒಡೆದವಳ ಕೈಗೆ ಎಂಜಿನ್ ಕೊಡಲ್ಲ. ನಮ್ಮ ಶಾಪಲ್ಲಿ ಅದು ನಿಯಮ.”

“ನಿಮ್ಮ ಶಾಪು ಮುಚ್ಚಿ ಹದಿನೈದು ವರ್ಷ ಆಯ್ತು.”

“ನಿಯಮ ಮುಚ್ಚಿಲ್ಲ.”

ಆ ಶಾಪಿನ ವಿಷಯ ನನಗೂ ಗೊತ್ತು, ಇವನ ಕೈಕೆಳಗೆ ನಾನು ಇಪ್ಪತ್ತೆಂಟು ವರ್ಷ ದುಡಿದವನು. ಕಾರಿನ ಬಿಡಿಭಾಗಗಳಿಗೆ ಉಕ್ಕಿನ ಅಚ್ಚು ಮಾಡುತ್ತಿದ್ದೆವು. ಅಲ್ಲಿ ಅಳತೆಯ ಪುಸ್ತಕ ಬೈಬಲ್ಲಿಗಿಂತ ದೊಡ್ಡದು. ಜೇಬಲ್ಲಿ ರಬ್ಬರು ಇಟ್ಟುಕೊಳ್ಳುವಂತಿಲ್ಲ. ಅಳತೆ ತಪ್ಪಾಗಿ ಬರೆದೆಯಾ, ಅದರ ಮೇಲೆ ಒಂದೇ ಗೆರೆ ಎಳೆ, ಕೆಳಗಿನದು ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆ. ಹೆಸರಿನ ಮೊದಲಕ್ಷರ ಹಾಕು, ತಾರೀಖು ಹಾಕು. ಅಳಿಸಿ ಬರೆದ ಒಬ್ಬನನ್ನು ಸೆವೆರೀನೊ ಊಟದ ಡಬ್ಬಿಯ ಸಮೇತ ಗೇಟಿನ ಹೊರಗೆ ಬಿಟ್ಟುಬಂದಿದ್ದ. ಆ ಚಟ ಮನೆಗೂ ಬಂತು. ಕಾರಿನೊಳಗೆ ಸೀಟಿನ ಮುಂದಿನ ಕೈಪೆಟ್ಟಿಗೆಯಲ್ಲಿ ಒಂದು ಕಪ್ಪು ನೋಟುಪುಸ್ತಕ ಇದೆ. ಕಾರು ಹೊರಟಾಗಲೆಲ್ಲ ತಾರೀಖು, ಯಾರು ಓಡಿಸಿದ್ದು, ಎಲ್ಲಿಗೆ, ಎಷ್ಟು ನಿಮಿಷ. ರೊಟ್ಟಿ ತರಲು ಹೋದದ್ದನ್ನೂ ಬಿಟ್ಟಿಲ್ಲ. ಜುಲೈ ಇಪ್ಪತ್ತರ ಸಾಲು ಹೀಗಿದೆ: ‘ಮಿರೆಲ್ಲ. ೪೦ ನಿಮಿಷ. ನಾಲ್ಕರ ಬದಲು ಎರಡು. ಎಂಜಿನ್.’

ಆ ಸಾಲನ್ನು ಅವಳು ಪ್ರತಿ ಸಲ ಎಣ್ಣೆ ಬದಲಿಸುವಾಗ ನೋಡುತ್ತಿದ್ದಳು.

*

ದೀಪ ಯಾಕೆ ಹತ್ತಿದೆ ಅಂತ ಕಾರನ್ನೇ ಕೇಳುವ ಯಂತ್ರ ಬೇಕು, ಸ್ಕ್ಯಾನರು. ಅದರಲ್ಲಿ ನೂರು ಜಾತಿ. ಮೊದಲನೆಯದನ್ನು ಕ್ಲಾಡಿಯೊ ತಂದ. ಹೆಬ್ಬೆರಳಷ್ಟು ಉದ್ದ, ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದರೆ ಫೋನಿನಲ್ಲಿ ಮಾತಾಡುತ್ತದೆ. ಇಪ್ಪತ್ತು ಡಾಲರು.

ಸೆವೆರೀನೊ ತಾನೇ ಸಿಕ್ಕಿಸಿದ. ಫೋನನ್ನು ಕೈಯಳತೆ ದೂರ ಹಿಡಿದು ಓದಿದ. “ಆಮ್ಲಜನಕದ ಸೆನ್ಸರು ಅಂತೆ. ಕೆಳಗೆ ಅಳಿಸು ಅಂತ ಒಂದು ಗುಂಡಿ ಇದೆ.”

“ಒತ್ಬೇಡ ತಾತ, ಮೊದಲು ಕೋಡ್ ಬರ್ಕೋ!”

ಒತ್ತಿಬಿಟ್ಟ. ಎಂಜಿನ್ ದೀಪ ಆರಿತು. ವಿಜಯೋತ್ಸವಕ್ಕೆ ಅಂತ ಬೀದಿಯ ತುದಿಯವರೆಗೆ ಹೋದ. ವಾಪಸು ಬರುವಷ್ಟರಲ್ಲಿ ದೀಪ ಮತ್ತೆ ಹತ್ತಿತ್ತು.

“ರಬ್ಬರು ಹಿಡಿದವನನ್ನ ಗೇಟಿನ ಆಚೆ ಹಾಕಿದವನು ನೀನೇ ಅಲ್ವಾ ತಾತ?” ಅಂದಳು ಮಿರೆಲ್ಲ.

ನಾನು ನಕ್ಕೆ. ಅವನು ನನ್ನನ್ನು ನೋಡಿದ ನೋಟಕ್ಕೆ ನಗು ನುಂಗಿಕೊಂಡೆ.

ಮುಂದಿನ ವಾರ ಸೆನ್ಸರು ತರಿಸಿ ಬದಲಿಸಿದಳು, ಆ ದೀಪ ನಿಜಕ್ಕೂ ಆರಿತು. ಬ್ರೇಕಿನದು ಉಳಿಯಿತು. ಚಿಕ್ಕ ಯಂತ್ರಕ್ಕೆ ಬ್ರೇಕಿನ ಭಾಷೆಯೇ ಬಾರದು, ಎಂಜಿನ್ ಬಿಟ್ಟರೆ ಇನ್ನೊಂದು ಗೊತ್ತಿಲ್ಲ. ಕ್ಲಬ್ಬಿನಲ್ಲಿ ಯಾರದೋ ಹತ್ತಿರ ಇದ್ದ ಎರಡನೆಯದನ್ನು ನಾನು ಕೇಳಿ ತಂದೆ. ಇಟ್ಟಿಗೆಯಷ್ಟು ದೊಡ್ಡದು, ಪರದೆಯೂ ಅದರಲ್ಲೇ, ಎಲ್ಲ ಕಂಪನಿಯ ಕಾರಿಗೂ ಆಗುತ್ತದೆ. ಇದರ ಬೆಲೆ ಇನ್ನೂರು ಡಾಲರಿನ ಹತ್ತಿರ. ಸಿಕ್ಕಿಸಿದ ತಕ್ಷಣ ಹನ್ನೊಂದು ತಪ್ಪು ತೋರಿಸಿತು. ಏರ್‌ಬ್ಯಾಗು, ಬಾಗಿಲು, ಕಿಟಕಿ, ಏನೇನೋ.

“ಮುಗೀತು. ಕಾರು ಸತ್ತಿದೆ. ರೆಮಿಜಿಯೊಗೆ ಹೂವಿನ ಹಾರ ಸಮೇತ ಕೊಡಿ,” ಅಂದ ಕ್ಲಾಡಿಯೊ.

“ಕಾರು ಸತ್ತಿಲ್ಲಪ್ಪ, ಬ್ಯಾಟರಿ ಸುಸ್ತಾಗಿದೆ,” ಅಂದಳು ಮಗಳು. “ವೋಲ್ಟು ಕಮ್ಮಿ ಇದ್ರೆ ಕಾರಿನೊಳಗಿನ ಎಲ್ಲ ಕಂಪ್ಯೂಟರ್ ಡಬ್ಬಿನೂ ಸುಳ್ಳು ಹೇಳುತ್ತೆ.” ಬ್ಯಾಟರಿಗೆ ಚಾರ್ಜರ್ ಹಾಕಿ ಒಂದು ಗಂಟೆ ಬಿಟ್ಟು ಮತ್ತೆ ಕೇಳಿದಳು. ಹನ್ನೊಂದು ಹೋಗಿ ಒಂದು ಉಳಿಯಿತು: ಚಕ್ರದ ವೇಗದ ಸೆನ್ಸರು. ಯಾವ ಚಕ್ರ? ಅದು ಹೇಳಲಿಲ್ಲ.

ಅವತ್ತು ಸಂಜೆ ಊಟದ ಮೇಜಿನ ಮೇಲೆ ಮಿರೆಲ್ಲ ಎರಡೂ ಯಂತ್ರ ಇಟ್ಟು, ಕೀಲು ಮುರಿದ ತನ್ನ ಲ್ಯಾಪ್‌ಟಾಪ್ ತೆರೆದಳು. ಇನೆಸ್ ಅದನ್ನು ನೋಡಿ, “ಸಾರಿನ ಪಾತ್ರೆ ಎಲ್ಲಿಡ್ಲಿ, ತಲೆ ಮೇಲಾ?” ಅಂದಳು.

“ಒಂದ್ನಿಮಿಷ ಅಜ್ಜಿ. ತಾತ, ಮೂರನೇದೊಂದು ಇದೆ. ಈ ಕಂಪನಿ ಕಾರಿಗೆ ಅಂತಲೇ ಮಾಡಿದ್ದು, ಕಂಪ್ಯೂಟರಿಗೆ ಸಿಕ್ಕಿಸೋದು. ಒಂದು ಕಾರಿನ ನಂಬರಿಗೆ ಕಟ್ಟಿದ್ರೆ ಬೇರೆ ಕಾರಿಗೆ ಆಗಲ್ಲ. ನಾಲ್ಕೂ ಚಕ್ರದ ವೇಗನೂ ಬೇರೆಬೇರೆ ತೋರಿಸುತ್ತೆ, ಓಡ್ತಾ ಇರುವಾಗಲೇ. ಬ್ರೇಕಿನ ಗಾಳಿ ತೆಗೆಯುತ್ತೆ. ಮತ್ತೆ...” ಪರದೆಯನ್ನು ಬೆರಳಲ್ಲಿ ಜಾರಿಸಿದಳು. “ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕ ಕೂಡ ತೆಗೆಯುತ್ತೆ. ಎಷ್ಟು ಸಲ, ಕೊನೇದು ಎಂಜಿನ್ನಿನ ಎಷ್ಟನೇ ಗಂಟೇಲಿ. ಅದು ಕಾರಿನೊಳಗೇ ಬರೆದಿರುತ್ತಂತೆ. ಅಳಿಸೋಕೆ ಆಗಲ್ಲ.”

ಸೆವೆರೀನೊನ ಕೈಯಲ್ಲಿದ್ದ ರೊಟ್ಟಿ ಸಾರಿನೊಳಗೆ ಬಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಅಕ್ಕ ಒಲೆಯ ಕಡೆ ತಿರುಗಿ, ಆರಿದ್ದ ಒಲೆಯನ್ನು ಮತ್ತೊಮ್ಮೆ ಆರಿಸಿದಳು.

“ಎಷ್ಟು?” ಅಂದ ಸೆವೆರೀನೊ.

“ನಾನೂರ ಮೂವತ್ತು.”

“ಬೇಡ. ನಾಲ್ಕು ಚಕ್ರಕ್ಕೂ ಹೊಸ ಸೆನ್ಸರು ಹಾಕು, ಮುಗೀತು.”

ನನಗೆ ಕಿವಿ ನಂಬಲಾಗಲಿಲ್ಲ. ಒಂದು ತೂತು ಅಳೆಯಲು ನಾಲ್ಕು ಮೈಕ್ರೋಮೀಟರು ಇಟ್ಟುಕೊಂಡಿದ್ದ ಮನುಷ್ಯ ಇವನು. ಸ್ವಿಟ್ಜರ್ಲೆಂಡಿನಿಂದ ತರಿಸಿದ್ದವು, ಚರ್ಚಿನಲ್ಲಿ ಮಗ ಮೊದಲ ಸಲ ಕಮ್ಯೂನಿಯನ್ ಪ್ರಸಾದ ತೆಗೆದುಕೊಂಡ ದಿನದ ಸೂಟಿಗಿಂತ ದುಬಾರಿ. ಅಳೆಯದೆ ಬಿಚ್ಚಿದವನನ್ನು ಕತ್ತೆ ಅನ್ನುತ್ತಿದ್ದ.

“ಭಾವ, ಮೂರು ಒಳ್ಳೇ ಸೆನ್ಸರು ಬಿಸಾಡ್ತೀಯಾ?” ಅಂದೆ.

“ನಿನ್ನನ್ನ ಯಾರು ಕೇಳಿದ್ರು?”

“ಯಾರೂ ಕೇಳಲ್ಲ. ಅದಕ್ಕೇ ನಾನೇ ಹೇಳ್ತೀನಿ.”

“ನನ್ನ ಗ್ಯಾರೇಜಲ್ಲಿ ಕಂಪ್ಯೂಟರ್ ಬೇಡ. ಅಷ್ಟೇ.”

ಮಿರೆಲ್ಲ ಲ್ಯಾಪ್‌ಟಾಪ್ ಮುಚ್ಚಿದಳು. ಕೂಗಾಡಲಿಲ್ಲ. “ಸಿಕ್ಕಿಸೋ ಜಾಗ ಕಾರಲ್ಲಿದೆ ತಾತ, ಗ್ಯಾರೇಜಲ್ಲಲ್ಲ. ಅಂಗಳದಲ್ಲಿ ನಿಲ್ಲಿಸ್ಕೋತೀನಿ. ದುಡ್ಡು ನಂದು.” ಅಷ್ಟು ಹೇಳಿ ತಟ್ಟೆಗೆ ಎರಡು ಸಲ ಸಾರು ಹಾಕಿಸಿಕೊಂಡು ತಿಂದಳು.

*

ಅಂಚೆಯಲ್ಲಿ ಬರಲು ಎರಡು ವಾರ ಅಂತ ಹೇಳಿದ್ದರು. ಎರಡು ವಾರವೂ ಸೆವೆರೀನೊ ಮುಂಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಬಿಸಿಲು ಬಂದರೆ ಕುರ್ಚಿ ಸರಿಸಿಕೊಂಡು ಕೂತ. ಚೆಂಡು ಉರುಳಿಸುವ ಬೋಚಿ ಆಟಕ್ಕೆ ಕರೆದರೆ ಮೊಣಕಾಲು ನೋವು ಅಂದ. ರಾಡಿಕ್ಯೊ ಸೊಪ್ಪಿನ ಪಾತಿಗೆ ನೀರು ಹಾಕುವುದನ್ನೂ ಬಿಟ್ಟ, ಅದನ್ನು ನಾನು ಹಾಕಿದೆ.

ಕ್ಲಾಡಿಯೊ ಮಧ್ಯಾಹ್ನದ ಪಾಳಿಗೆ ಹೊರಡುವಾಗ ಮಗಳ ಹತ್ತಿರ ಒಮ್ಮೆ ಮಾತಾಡಿ ನೋಡಿದ. ನಾನು ಬೀನ್ಸಿನ ನಾರು ತೆಗೆಯುತ್ತ ಕೂತಿದ್ದೆ.

“ಬಿಟ್ಟುಬಿಡಬಾರದಾ? ಸೆಪ್ಟೆಂಬರಲ್ಲಿ ಅವರಿಗೆ ಎಂಬತ್ತು. ಲೈಸೆನ್ಸಿಗೆ ಮತ್ತೆ ಕಣ್ಣಿನ ಪರೀಕ್ಷೆಗೆ ಕೂರಬೇಕು. ಮೊದಲೇ ಮನಸ್ಸು ಕೆಟ್ಟಿದೆ.”

“ಅಪ್ಪ, ಅವತ್ತು ನನ್ನ ಕೈಲಿ ತಪ್ಪಾಯ್ತು ಅನ್ನಿಸಿದವನು ನೀನು.”

“ಮನೇಲಿ ನೆಮ್ಮದಿ ಇರಲಿ ಅಂತ.”

“ನಿಮ್ಮ ನೆಮ್ಮದಿ. ನಾನು ಎರಡಕ್ಕೆ ಹಾಕಿದೀನೋ ಇಲ್ವೋ, ನೀನು ಒಂದು ಸಲನಾದ್ರೂ ಕೇಳಿದ್ಯಾ?”

ಕ್ಲಾಡಿಯೊ ಊಟದ ಚೀಲ ಎತ್ತಿಕೊಂಡ, ಮತ್ತೆ ಕೆಳಗಿಟ್ಟ. “ಹಾಕಿದ್ಯಾ?”

“ಇಲ್ಲ.”

“ಸರಿ,” ಅಂದ. ಚೀಲ ಮರೆತೇ ಹೋದ. ಅದರಲ್ಲಿದ್ದ ಬದನೆಕಾಯಿ ಸ್ಯಾಂಡ್‌ವಿಚ್ ನಾನು ತಿಂದೆ.

ಯಂತ್ರ ಬಂತೋ ಇಲ್ಲವೋ ಅಂತ ಮಿರೆಲ್ಲ ದಿನಾ ಕೇಳುತ್ತಿದ್ದಳು. “ಬಂದಿಲ್ಲ,” ಅನ್ನುತ್ತಿದ್ದ ಸೆವೆರೀನೊ. ಟೊಮೇಟೊಗೆ ಮೂರು ದಿನ ಇರುವಾಗ ಫೋನಿನಲ್ಲಿ ನೋಡಿಕೊಂಡು ಬಂದಳು. “ಸೋಮವಾರವೇ ಕೊಟ್ಟಾಗಿದೆ ಅಂತ ತೋರಿಸ್ತಿದೆ. ಸಹಿ ಕೂಡ ಇದೆ. ಎಸ್. ಬೆಲ್ಟ್ರಾಮೆ.”

“ಬೇರೆ ಬೆಲ್ಟ್ರಾಮೆ ಇರಬೇಕು,” ಅಂದ ಸೆವೆರೀನೊ ಬೆಲ್ಟ್ರಾಮೆ.

ಅವಳು ಮನೆಯೆಲ್ಲ ಹುಡುಕಿದಳು. ಗ್ಯಾರೇಜು, ಹಿತ್ತಲ ಶೆಡ್ಡು, ನನ್ನ ಮಂಚದ ಕೆಳಗೂ. ಸಿಗಲಿಲ್ಲ. ನನಗೂ ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ. ಮಾರನೆಯ ಬೆಳಿಗ್ಗೆ ಕಾಫಿಗೆ ಬಂದರೆ, ಮಿರೆಲ್ಲ ಕೂರುವ ಕುರ್ಚಿಯ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಮೇಲೆ ಧೂಳು, ಪಕ್ಕದಲ್ಲಿ ಕೆಂಪು ವೈನಿನ ದುಂಡು ಕಲೆ. ವೈನಿನ ದೊಡ್ಡ ಜಾಡಿಗಳ ಹಿಂದೆ ಇದ್ದದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ಆ ಮೂಲೆಗೆ ಹೋಗುವವರು ಮನೆಯಲ್ಲಿ ಇಬ್ಬರೇ. ಅಕ್ಕ ಬೆನ್ನು ಹಾಕಿ ಹಾಲು ಕಾಯಿಸುತ್ತಿದ್ದಳು.

ಸೆವೆರೀನೊ ಬಂದ. ಪೆಟ್ಟಿಗೆ ನೋಡಿದ. ಹೆಂಡತಿಯ ಬೆನ್ನು ನೋಡಿದ. ಕಾಫಿ ಕುಡಿಯದೆ ಮೇಲೆ ಹೋದ.

*

ಶುಕ್ರವಾರ ಮಧ್ಯಾಹ್ನ ಮಿರೆಲ್ಲ ರಜೆ ಹಾಕಿ ಕಾರನ್ನು ಅಂಗಳಕ್ಕೆ ತಳ್ಳಿಸಿಕೊಂಡಳು. ತಳ್ಳಿದ್ದು ನಾನು ಮತ್ತು ಕ್ಲಾಡಿಯೊ. ಕೀಲಿಯನ್ನು ಇನೆಸ್ ತಂದು ಕೊಟ್ಟಳು. ಬ್ಯಾಟರಿಗೆ ಚಾರ್ಜರು, ಮಡಿಲಲ್ಲಿ ಲ್ಯಾಪ್‌ಟಾಪು. ಮೊದಲು ಚಕ್ರ. ಬೀದಿಯಲ್ಲಿ ಒಂದು ಸುತ್ತು ಹೊಡೆದಾಗ ಮೂರು ಚಕ್ರ ಇಪ್ಪತ್ತು ತೋರಿಸಿದವು, ಹಿಂದಿನ ಎಡಗಡೆಯದು ಸೊನ್ನೆ. ಬಿಚ್ಚಿ ನೋಡಿದರೆ ಸೆನ್ಸರು ಕೆಟ್ಟೇ ಇಲ್ಲ. ಅದರ ತಂತಿಯನ್ನು ಇಲಿ ಕಡಿದಿತ್ತು. ಹೊಸದಾಗಿ ಒಂದು ಗೇಣು ತಂತಿ ಬೆಸೆದಳು. ದೀಪ ಆರಿತು. ನಾಲ್ಕು ಹೊಸ ಸೆನ್ಸರು ಹಾಕಿದ್ದರೂ ಆರುತ್ತಿರಲಿಲ್ಲ.

ಆಮೇಲೆ ಅವಳು ಇನ್ನೊಂದು ಪುಟ ತೆರೆದಳು. ನಾನು ಬಾಗಿಲ ಪಕ್ಕ ನಿಂತಿದ್ದೆ. ತುಂಬಾ ಹೊತ್ತು ಓದಿದಳು. ಕೈಪೆಟ್ಟಿಗೆಯಿಂದ ಕಪ್ಪು ನೋಟುಪುಸ್ತಕ ತೆಗೆದು, ಕೊನೆಯ ಪುಟದಿಂದ ಹಿಂದಕ್ಕೆ ನಿಮಿಷಗಳನ್ನು ಕೂಡುತ್ತ ಹೋದಳು. ಎರಡು ಸಲ ಕೂಡಿದಳು. ಮೂರನೆಯ ಸಲ ನನ್ನ ಕೈಗೆ ಪುಸ್ತಕ ಕೊಟ್ಟು, “ಚಿಕ್ಕಜ್ಜ, ನೀನು ಓದು, ನಾನು ಕೂಡ್ತೀನಿ,” ಅಂದಳು. ಓದುತ್ತ ಓದುತ್ತ ಒಂದು ಸಾಲಿಗೆ ಬಂದು ನನ್ನ ನಾಲಿಗೆ ನಿಂತಿತು.

“ಇವತ್ತೇ ಹೇಳ್ತೀಯಾ?” ಅಂದೆ.

“ಇಲ್ಲ. ನಾಳೆ. ಎಲ್ಲರೂ ಕೂತಾಗ. ಅವತ್ತು ತಪ್ಪಾಯ್ತು ಅಂದಾಗಲೂ ಎಲ್ಲರೂ ಕೂತಿದ್ರು.”

*

ಟೊಮೇಟೊ ದಿನ ಬೆಳಿಗ್ಗೆ ಆರಕ್ಕೆ ಶುರುವಾಯಿತು. ಅರೆಯುವ ಯಂತ್ರಕ್ಕೆ ಕ್ಲಾಡಿಯೊ, ಹಂಡೆಯ ಬೆಂಕಿಗೆ ಸೆವೆರೀನೊ, ಬಾಟಲಿಗೆ ತುಳಸಿಯಂಥ ಬಾಸಿಲ್ ಎಲೆ ಒಂದೊಂದು ಹಾಕುವುದಕ್ಕೆ ನಾನು. ಮುಚ್ಚಳ ಒತ್ತುವುದು ಮಿರೆಲ್ಲ. ತಾತ ಮೊಮ್ಮಗಳು ಇಡೀ ಬೆಳಿಗ್ಗೆ ಆಡಿದ್ದು “ಬಿಸಿ,” “ಗೊತ್ತು,” ಎರಡೇ ಮಾತು. ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತ್ತು. ನಾಲ್ಕು ಗಂಟೆಗೆ ರೆಮಿಜಿಯೊ ಬರುವವನಿದ್ದ.

ಎರಡು ಗಂಟೆಗೆ ಕೆಳಗಿನ ಅಡುಗೆಮನೆಯಲ್ಲಿ ಊಟಕ್ಕೆ ಕೂತೆವು. ಎಲ್ಲರ ಮೊಣಕೈವರೆಗೆ ಕೆಂಪು. ಇನೆಸ್ ಚೀಸು ಆಲೂಗಡ್ಡೆ ಹಾಕಿದ ಫ್ರೀಕೊ ರೊಟ್ಟಿ ಬಡಿಸಿದಳು. ಮಿರೆಲ್ಲ ತಿನ್ನಲಿಲ್ಲ. ನೋಟುಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು.

“ಬ್ರೇಕ್ ದೀಪ ಆರಿದೆ,” ಅಂದಳು. “ಇಲಿ ಕಡಿದಿತ್ತು. ಇನ್ನೊಂದು ವಿಷಯ. ಎಂಜಿನ್ ಮಿತಿ ಮೀರಿ ತಿರುಗಿರೋದು ಒಂದೇ ಒಂದು ಸಲ. ಇವತ್ತಿಗೆ, ಎಂಜಿನ್ ಓಡಿದ ಲೆಕ್ಕದಲ್ಲಿ, ನೂರಿಪ್ಪತ್ತನಾಲ್ಕು ಗಂಟೆ ಹಿಂದೆ.”

“ಯಂತ್ರ,” ಅಂದ ಸೆವೆರೀನೊ. “ಹನ್ನೊಂದು ತಪ್ಪು ತೋರಿಸಿತ್ತಲ್ಲ, ಅದೂ ಯಂತ್ರನೇ.”

“ಅದು ಬ್ಯಾಟರಿ ಸುಸ್ತಾಗಿದ್ದಾಗ. ಇದು ಚಾರ್ಜರ್ ಹಾಕಿ ಓದಿದ್ದು. ಯಂತ್ರ ಬಿಡು ತಾತ, ನಿನ್ನ ಪುಸ್ತಕ ಹೇಳಲಿ. ನಾನು ಕಾರು ತೆಗೆದಿದ್ದು ನೂರಿಪ್ಪತ್ತೊಂದು ಗಂಟೆ ಹಿಂದೆ. ನನ್ನ ಕೈಗೆ ಬರೋ ಮುಂಚೆ ಮೂರು ಗಂಟೆ ಓಡಿದೆ, ಗೇರು ತಪ್ಪಿರೋದು ಆ ಮೂರು ಗಂಟೆಗೂ ಮುಂಚೆ. ಸ್ಪ್ರಿಂಗು ಅವತ್ತೇ ಬಿರುಕು ಬಿಟ್ಟು, ಒಂದು ವಾರ ತಡ್ಕೊಂಡು, ನನ್ನ ಕೈಲಿ ಮುರೀತು.” ಪುಟ ತೆರೆದು ಬೆರಳಿಟ್ಟಳು. “ಜುಲೈ ಹದಿನಾಲ್ಕು, ಭಾನುವಾರ. ಸೆವೆರೀನೊ. ಲೀಮಿಂಗ್ಟನ್ನಿಂದ ವಾಪಸು, ಒಂದು ಗಂಟೆ. ಇನೆಸ್ ಜೊತೆ. ಪೀಚ್ ಒಂದು ಬುಟ್ಟಿ.”

ಕ್ಲಾಡಿಯೊ ಅಗಿಯುವುದನ್ನು ನಿಲ್ಲಿಸಿದ. ನನಗೆ ಆ ಭಾನುವಾರ ನೆನಪಿತ್ತು. ಕಾರು ಅಂಗಳಕ್ಕೆ ಬಂದು ಎಂಜಿನ್ ಆರಿದ ಮೇಲೂ ಸೆವೆರೀನೊ ಹತ್ತು ನಿಮಿಷ ಒಳಗೇ ಕೂತಿದ್ದ. ನಾನು ನೋಡಿದ್ದೆ. ಕೇಳಿರಲಿಲ್ಲ.

“ಆ ವರ್ಷ ಪೀಚ್ ಜಾಮ್ ಮಾಡಿದ್ದೆ ಅಲ್ವಾ ಅಜ್ಜಿ?” ಅಂದಳು ಮಿರೆಲ್ಲ. “ಅದಕ್ಕೆ ಮುಂಚೆ ಒಂದು ವರ್ಷನೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಪೀಚ್ ಯಾವಾಗ್ಲೂ ವೈನಲ್ಲೇ ನೆನೆಹಾಕೋದು. ಆ ಬುಟ್ಟಿಗೆ ಏನಾಗಿತ್ತು?”

“ಇನೆಸ್,” ಅಂದ ಸೆವೆರೀನೊ.

“ಮಡಿಲಲ್ಲಿ ಇಟ್ಕೊಂಡಿದ್ದೆ,” ಅಂದಳು ಅಕ್ಕ. ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು, ಒರೆಸುತ್ತಲೇ ಇದ್ದಳು. “ಲಾರಿ ಹಿಂದೆ ಹಾಕೋಕೆ ಹೋದ. ಕಾರು ಕಿರುಚ್ತು, ಹಂದಿ ಕೊಯ್ದ ಹಾಗೆ. ಪೀಚೆಲ್ಲ ಗಾಜಿಗೆ ಬಡಿದು ಜಜ್ಜಿ ಹೋಯ್ತು. ಏನಾಯ್ತು ಅಂದೆ. ಏನಿಲ್ಲ, ರಸ್ತೆ ಸರಿ ಇಲ್ಲ ಅಂದ.”

“ನಿನಗೆ ಗೊತ್ತಿತ್ತು,” ಅಂದಳು ಮಿರೆಲ್ಲ. ಅವಳ ದನಿ ಒಡೆದದ್ದು ಆಗ, ತಾತನ ಮುಂದಲ್ಲ, ಅಜ್ಜಿಯ ಮುಂದೆ. “ನಾನು ಇಲ್ಲೇ ನಿಂತು ತಪ್ಪಾಯ್ತು ಅಂದಾಗ ನೀನು ನನ್ನ ತಟ್ಟೆಗೆ ಅದೇ ಜಾಮ್ ಹಾಕಿದೆ.”

“ಪೆಟ್ಟಿಗೆ ನಿನ್ನ ಕುರ್ಚಿ ಮೇಲೆ ಇಟ್ಟಿದ್ದು ಯಾರು ಅಂದ್ಕೊಂಡೆ?”

“ಮೂರು ವರ್ಷ ತಡ ಅಜ್ಜಿ.”

“ಹೌದು,” ಅಂದಳು ಇನೆಸ್. “ತಡ.”

ಸೆವೆರೀನೊ ತಟ್ಟೆ ಸರಿಸಿದ. ಬೈಯುತ್ತಾನೆ ಅಂದುಕೊಂಡೆ. ಎದ್ದು ಮೇಲೆ ಹೋಗುತ್ತಾನೆ ಅಂದುಕೊಂಡೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಟೊಮೇಟೊ ರಸ ಗಾಜಿಗೆ ಇನ್ನಷ್ಟು ಹರಡಿತು. ಹಾಗೇ ಹಾಕಿಕೊಂಡ.

“ಗೇರು ನನಗೆ ಯಾವತ್ತೂ ತಪ್ಪಿರಲಿಲ್ಲ,” ಅಂದ. “ಐವತ್ತೈದು ವರ್ಷ. ಅವತ್ತು ಕೈ ಎಲ್ಲಿಗೆ ಹೋಯ್ತು ಅಂತ ಗೊತ್ತೇ ಆಗಲಿಲ್ಲ. ಒಂದು ವಾರ ಕಾರು ಚೆನ್ನಾಗೇ ಓಡ್ತು. ಏನೂ ಆಗಿಲ್ಲ ಅಂದ್ಕೊಂಡೆ. ಆಮೇಲೆ ನೀನು ತಗೊಂಡು ಹೋದೆ.” ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, “ನೀನೇ ಇರಬಹುದು ಅಂತ ನನಗೂ ಅನ್ನಿಸ್ತು. ಮೊದಲ ದಿನ.”

“ಎರಡನೇ ದಿನ?”

ಅವನು ನನ್ನ ಕಡೆ ಕೈ ಚಾಚಿದ. “ಟಿಲಿಯೊ, ಪೆನ್ನು.”

ಮುಚ್ಚಳದ ಮೇಲೆ ವರ್ಷ ಬರೆಯಲು ಇಟ್ಟುಕೊಂಡಿದ್ದ ಪೆನ್ನು ಕೊಟ್ಟೆ. ಅವನು ಪುಟ ತಿರುಗಿಸಿ ಜುಲೈ ಇಪ್ಪತ್ತರ ಸಾಲು ಹುಡುಕಿದ. ‘ನಾಲ್ಕರ ಬದಲು ಎರಡು’ ಅನ್ನುವುದರ ಮೇಲೆ ಒಂದೇ ಗೆರೆ ಎಳೆದ, ಮಡಚುವ ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ. ಕೆಳಗಿನದು ಓದುವಂತೆಯೇ ಇತ್ತು. ಪಕ್ಕದಲ್ಲಿ ಬರೆದ: ‘ಅವಳಲ್ಲ.’ ಹಿಂದಿನ ಪುಟಕ್ಕೆ ಹೋಗಿ ಹದಿನಾಲ್ಕರ ಸಾಲಿನ ಕೊನೆಗೆ ಬರೆದ: ‘ನಾಲ್ಕರ ಬದಲು ಎರಡು. ನಾನು.’ ಪುಸ್ತಕ ಮುಚ್ಚಿ ಅವಳ ಕಡೆ ತಳ್ಳಿದ.

ಮಿರೆಲ್ಲ ತೆರೆದು ನೋಡಿದಳು. ಎರಡೂ ಪುಟ ನೋಡಿದಳು. ಪುಸ್ತಕವನ್ನೂ ಪೆನ್ನನ್ನೂ ವಾಪಸು ತಳ್ಳಿದಳು.

“ಮೊದಲಕ್ಷರ ಎಲ್ಲಿ ತಾತ? ತಾರೀಖು?”

ಕ್ಲಾಡಿಯೊ, “ಮಿರೆಲ್ಲ, ಸಾಕು ಬಿಡು,” ಅಂದ.

“ಸುಮ್ನಿರೋ,” ಅಂದ ಸೆವೆರೀನೊ ಮಗನಿಗೆ. “ಅವಳು ಹೇಳ್ತಿರೋದು ಸರಿ.” ಎರಡೂ ಕಡೆ ಎಸ್. ಬಿ. ಅಂತ ಹಾಕಿದ. ತಾರೀಖು ಹಾಕಿದ.

ನಾಲ್ಕು ಗಂಟೆಗೆ ರೆಮಿಜಿಯೊ ಹೊಸ ಟೋಪಿ ಹಾಕಿಕೊಂಡು ಬಂದ. ಸೆವೆರೀನೊ ಹಂಡೆಯ ಬೂದಿ ತೆಗೆಯುತ್ತಿದ್ದವನು ತಲೆ ಎತ್ತದೆ, “ಕಾರಿನ ವಿಷಯ ಅವಳನ್ನ ಕೇಳು,” ಅಂದ.

“ಮಾರ್ತೀಯೇನಮ್ಮ?” ಅಂದ ರೆಮಿಜಿಯೊ.

“ಇಲ್ಲ. ಟೊಮೇಟೊ ನಾಲ್ಕು ಬಾಟಲಿ ತಗೊಂಡು ಹೋಗಿ.”

ಅವನು ಗೊಣಗುತ್ತ ಆರು ತೆಗೆದುಕೊಂಡು ಹೋದ. ಇನೆಸ್ ಮೆಟ್ಟಿಲ ಮೇಲೆ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ ಇಟ್ಟಿದ್ದಳು, ಒಳಗೆ ಮಿರೆಲ್ಲಳ ಪಾಲಿನ ಫ್ರೀಕೊ. ಮಿರೆಲ್ಲ ಅದನ್ನು ದಾಟಿಕೊಂಡು ಮೂರು ಸಲ ಓಡಾಡಿದಳು. ನಾಲ್ಕನೆಯ ಸಲ ಕೂತು ತಿಂದಳು, ಅಜ್ಜಿಯ ಕಡೆ ನೋಡದೆ.

ಗ್ಯಾರೇಜಿನ ನೆಲ ತೊಳೆದಾಯಿತು. ಹೊದಿಕೆ ತೆಗೆದಳು, ಒಳಗೆ ಕೂತಳು. ಸೆವೆರೀನೊ ಪಕ್ಕದ ಬಾಗಿಲು ತೆರೆದು, ಕೇಳದೆಯೇ, ಕಷ್ಟಪಟ್ಟು ಬಗ್ಗಿ ಒಳಗೆ ಕೂತ. ಕಾರು ಹತ್ತು ಅಡಿ ಹಿಂದಕ್ಕೆ ಹೋಗಿ ತನ್ನ ಜಾಗದಲ್ಲಿ ನಿಂತಿತು. ಅವನು ಕೈಪೆಟ್ಟಿಗೆಯಿಂದ ಪುಸ್ತಕ ತೆಗೆದು, ಬರೆಯಲು ಹೋಗಿ ತಡೆದು, ಅವಳ ಮಡಿಲಿಗೆ ಇಟ್ಟ.

ಅವಳು ಬರೆದದ್ದನ್ನು ನಾನು ಆಮೇಲೆ ಓದಿದೆ. ‘ಆಗಸ್ಟ್ ೨೭. ಮಿರೆಲ್ಲ. ಅಂಗಳದಿಂದ ಗ್ಯಾರೇಜಿಗೆ. ತಾತ ಜೊತೆ. ೧ ನಿಮಿಷ.’